ಬೂಚಿನ ಜೋಡಿ ಸಿಲಿಂಡರು

ಒಂದೇ ಒಂದು ಕೆಮ್ಮು ಅವನ ಹೆಸರು ಕೆಡಿಸಿತು. ಕೆಮ್ಮಿದ್ದೂ ಅವನಲ್ಲ, ಅವನ ಬೆನ್ನ ಮೇಲಿದ್ದ ಗಾಳಿ ಸಿಲಿಂಡರು.

ನೀರಿನಡಿ ಮುಳುಗಿ ದೋಣಿಗಳ ತಳ ಕೆರೆಯುವುದು, ಪ್ರೊಪೆಲ್ಲರಿಗೆ ಸುತ್ತಿಕೊಂಡ ಹಗ್ಗ ಬಿಡಿಸುವುದು ಹದಿನೆಂಟು ವರ್ಷಗಳಿಂದ ಅವನ ಉದ್ಯೋಗ. ಹೋದ ವಾರ ಪ್ರಯಾಣಿಕರ ದೊಡ್ಡ ದೋಣಿಯ ಕೆಳಗಿದ್ದಾಗ ಸಿಲಿಂಡರಿನ ವಾಲ್ವು ಎರಡು ಸಲ ಗೊರ್ ಎಂದು ಗಾಳಿ ನಿಲ್ಲಿಸಿತು. ಕೈಲಿದ್ದ ಚಾಕು, ಒಂದು ಕಾಲಿನ ಈಜುರೆಕ್ಕೆ, ಪೂರ್ತಿ ಮರ್ಯಾದೆ, ಮೂರನ್ನೂ ತಳದಲ್ಲೇ ಬಿಟ್ಟು ಅವನು ಬುಳಕ್ಕನೆ ಮೇಲೆ ಬಂದ. ಟಿಕೆಟ್ಟಿಗೆ ಸಾಲು ನಿಂತಿದ್ದವರೆಲ್ಲ ನೋಡಿದರು.

"ಬಾಟ್ಲಿ ಬೂಚು ಹಾರಿದ ಹಾಗೆ ಬಂದ್ಯಲ್ಲೋ," ಎಂದ ದೋಣಿಯ ಕ್ಯಾಪ್ಟನ್. ಅಂದಿನಿಂದ ಅವನು ಬೂಚು.

ಹೆಂಡತಿ ಮಾತ್ರ ನಗಲಿಲ್ಲ. "ಮೇಲೆ ಬರದೇ ಇದ್ದಿದ್ರೆ ನಾನೇನು ಮಾಡ್ಬೇಕಿತ್ರೀ?" ಎಂದು ಕೇಳಿ, ಬೆನ್ನು ತಿರುಗಿಸಿ ಪಾತ್ರೆ ತೊಳೆದಳು. ಆಗಲೇ ತೊಳೆದಿಟ್ಟಿದ್ದ ಪಾತ್ರೆಗಳು. ಆಮೇಲೆ ತೀರ್ಪು ಬಂತು. "ಇನ್ನೊಂದು ಸಲ ಹಾಗೆ ಹಾರಿ ಬಂದ್ರೆ ನಿಮ್ಮ ಸಮುದ್ರ ಅವತ್ತಿಗೆ ಮುಗೀತು. ನನ್ನ ತಮ್ಮನ ಟೈರ್ ಅಂಗಡೀಲಿ ಕೂತ್ಕೊಳ್ಳಿ."

ತಮ್ಮನಿಗೆ ಸಂಭ್ರಮ. "ಬನ್ನಿ ಭಾವ. ಅಲ್ಲೂ ಗಾಳಿ ಕೆಲಸ, ಇಲ್ಲೂ ಗಾಳಿ ಕೆಲಸ. ನಮ್ಮಲ್ಲಿ ಬಟ್ಟೆ ಒದ್ದೆಯಾಗಲ್ಲ, ಅಷ್ಟೇ ವ್ಯತ್ಯಾಸ."

ಬೂಚು ಆ ಅಂಗಡಿಯನ್ನು ಬಲ್ಲ. ಮೂರು ಗೋಡೆ ಟೈರು, ನಾಲ್ಕನೆಯದು ಬಾಮೈದನ ಬುದ್ಧಿಮಾತು. ಅಲ್ಲಿ ಕೂರುವುದಕ್ಕಿಂತ ದೋಣಿಯ ತಳಕ್ಕೆ ಚಿಪ್ಪಿನಂತೆ ಅಂಟಿಕೊಂಡಿರುವುದೇ ಮೇಲು. ಹಟ ಹಿಡಿದು ಬಂದರಿನ ಉಗ್ರಾಣದಿಂದ ಜೋಡಿ ಸಿಲಿಂಡರು ಬರೆಸಿಕೊಂಡ. ಬೆನ್ನಿಗೆ ಅಭ್ಯಾಸವಾಗಲಿ ಎಂದು ಅವತ್ತೇ ಮನೆಗೆ ಹೊತ್ತು ತಂದ.

"ಒಂದು ಸಾಲದು ಅಂತ ಎರಡಾ?" ಎಂದಳು ಹೆಂಡತಿ.

"ಅದಕ್ಕೇ ಎರಡು. ಒಂದಾದ್ರೆ ಅದು ಮುನಿಸಿಕೊಂಡ ಕೂಡ್ಲೇ ಕತೆ ಮುಗೀತು. ಇಲ್ಲಿ ಎರಡು ಸಿಲಿಂಡರು, ಎರಡು ವಾಲ್ವು, ಬಾಯಿಗೆ ಕಚ್ಚೋ ರೆಗ್ಯುಲೇಟರೂ ಎರಡು. ಒಂದು ಕೈಕೊಟ್ರೆ ಇನ್ನೊಂದಿರುತ್ತೆ."

"ನಮ್ಮತ್ತೇನೂ ಹಾಗೇ ಅಂದ್ಕೊಂಡು ಇಬ್ಬರು ಗಂಡುಮಕ್ಕಳನ್ನ ಹೆತ್ರು," ಎಂದಳು ಅವಳು. "ಕಷ್ಟಕ್ಕೆ ಒಬ್ಬನಾದ್ರೂ ಆದ್ನಾ?"

ಆ ಇಬ್ಬರಲ್ಲಿ ಒಬ್ಬನಾದ ಬೂಚು ಸಿಲಿಂಡರಿನ ಧೂಳು ಒರೆಸತೊಡಗಿದ.

ಮರುದಿನ ಬೆಳಗ್ಗೆ ಕರೆ ಬಂತು. ಅದೇ ದೋಣಿ, ಅದೇ ಪ್ರೊಪೆಲ್ಲರು. ಮೀನಿನ ಬಲೆಯೊಂದು ಜಡೆ ಹೆಣೆದ ಹಾಗೆ ಸುತ್ತಿಕೊಂಡಿದೆ, ಹನ್ನೆರಡಕ್ಕೆ ದೋಣಿ ಹೊರಡಬೇಕು. ಬೂಚು ಜೋಡಿ ಸಿಲಿಂಡರು ಬೆನ್ನಿಗೇರಿಸಿ ಮೂರನೇ ಮಹಡಿಯಿಂದ ಮೆಟ್ಟಿಲಿಳಿದ. ಬೀರುವೊಂದು ತಾನೇ ಮನೆ ಖಾಲಿ ಮಾಡಿ ಹೊರಟಂತೆ ಕಾಣುತ್ತಿತ್ತು. ತಿರುವಿನಲ್ಲಿ ಗೋಡೆಯ ಗಾರೆ ಉದುರಿತು.

ಕೆಳಮನೆಯ ಬಾಗಿಲು ತೆರೆಯಿತು. ಅಲ್ಲಿರುವ ಮುದುಕರು ನಲವತ್ತು ವರ್ಷ ನಲ್ಲಿ ರಿಪೇರಿ ಮಾಡಿ ನಿವೃತ್ತರಾದವರು. ಇಡೀ ಕಟ್ಟಡಕ್ಕೆ ನಲ್ಲಿ ಮಾವ. ತಿರುಗುವ ವಸ್ತು ಕಂಡರೆ ಅವರ ಕೈ ಸುಮ್ಮನಿರುವುದಿಲ್ಲ.

"ಇದೇನಪ್ಪಾ, ಎರಡರ ಮಧ್ಯೆ ಕೊಳವೆ, ಕೊಳವೆ ಮಧ್ಯೆ ಒಂದು ತಿರುಪು?"

"ಅದು ನಡುವಿನ ವಾಲ್ವು ಮಾವ. ತೆರೆದಿದ್ರೆ ಎರಡು ಸಿಲಿಂಡರಿನ ಗಾಳೀನೂ ಒಂದೇ. ಒಂದು ಕಡೆ ಸೋರಿದ್ರೆ ಮಾತ್ರ ಮುಚ್ಚಿ ಇನ್ನೊಂದು ಕಡೇದನ್ನ ಉಳಿಸ್ಕೋಬೇಕು. ಎಡಕ್ಕೆ ತಿರುಗಿಸಿದ್ರೆ ತೆರೆಯುತ್ತೆ, ಬಲಕ್ಕೆ ಮುಚ್ಚುತ್ತೆ. ಮುಟ್ಟಬೇಡಿ."

ಹೇಳುವಷ್ಟರಲ್ಲಿ ಬೆನ್ನ ಹಿಂದೆ ಕಿರ್ ಎಂಬ ಸದ್ದಾಯಿತು.

"ಮುಟ್ಟಿದ್ರಾ?"

"ಮುಟ್ಟದೇ ಗೊತ್ತಾಗೋದು ಹೇಗೆ? ಚೆನ್ನಾಗಿದೆ ಮಾಲು."

ಬೂಚಿನ ತಲೆ ಕೆಟ್ಟಿತು. ಜೀವಮಾನವಿಡೀ ತೊಟ್ಟಿಕ್ಕುವ ನಲ್ಲಿ ಮುಚ್ಚಿದ ಕೈ, ಇದನ್ನೂ ಮುಚ್ಚದೆ ಬಿಟ್ಟೀತೇ? ಅಲ್ಲೇ ಮೆಟ್ಟಿಲ ಮೇಲೆ ಬೆನ್ನ ಹಿಂದೆ ಕೈಹಾಕಿ, ನಡುವಿನ ವಾಲ್ವನ್ನು ಎಡಕ್ಕೆ, ಇನ್ನು ತಿರುಗದು ಎನ್ನುವವರೆಗೆ ತಿರುಗಿಸಿದ. ಆಮೇಲೆ ಕರವಸ್ತ್ರ ತೆಗೆದು ಅದರ ಮೇಲೆ ಸುತ್ತಿ, ತಡಕಾಡುತ್ತಲೇ ಮೂರು ಗಂಟು ಹಾಕಿದ.

"ಇನ್ನು ಯಾರು ಮುಟ್ತಾರೋ ನೋಡ್ತೀನಿ."

"ಕೋಪ ಯಾಕಪ್ಪಾ," ಎಂದರು ನಲ್ಲಿ ಮಾವ. "ನಾನೂ ಅದೇ ದೋಣಿಗೆ ಬರೋನು. ಮಗಳ ಮನೆಗೆ ಹೋಗ್ಬೇಕು. ಬೇಗ ಬಿಡಿಸು."

ಜೋಡಿಯಲ್ಲಿ ಹಳೇ ಗಾಳಿ ಸ್ವಲ್ಪವೇ ಉಳಿದಿತ್ತು. ಉಗ್ರಾಣದಲ್ಲಿ ಗಾಳಿ ತುಂಬುವವನು ಎಡ ಸಿಲಿಂಡರಿಗೆ ಕೊಳವೆ ಸಿಕ್ಕಿಸಿದ. ವಾಡಿಕೆಯೇ ಅದು: ಒಂದು ಕಡೆಯಿಂದ ತುಂಬಿದರೆ ನಡುವಿನ ದಾರಿಯಲ್ಲಿ ಎರಡೂ ತುಂಬುತ್ತವೆ. ಗಾಳಿ ಎಷ್ಟಿದೆಯೆಂದು ತೋರಿಸುವ ಮೀಟರು ಇರುವುದೂ ಎಡಕ್ಕೇ.

"ಈ ಬಟ್ಟೆ ಯಾಕೆ?"

"ಯಾರೂ ಮುಟ್ಟಬಾರದು ಅಂತ."

"ನಂಗೇನು, ಮುಟ್ಟಲ್ಲ ಬಿಡು."

ಮೀಟರಿನ ಮುಳ್ಳು ಸರಸರನೆ ಏರಿ ತುಂಬಿದ ಗುರುತಿನಲ್ಲಿ ನಿಂತಿತು. "ಇಷ್ಟು ಬೇಗ ತುಂಬ್ತಲ್ಲೋ. ಯಂತ್ರಕ್ಕೆ ಇವತ್ತು ಹುಮ್ಮಸ್ಸು," ಎಂದು ಅವನು ಯಂತ್ರದ ಬೆನ್ನು ತಟ್ಟಿದ. ಬೂಚಿಗೆ ಅದೂ ಶುಭಶಕುನವೇ.

ದೋಣಿ ನಿಲ್ಲುವ ದಕ್ಕೆಯ ಮೇಲೆ ಸಂತೆ ನೆರೆದಿತ್ತು. ಹೆಂಡತಿ ಸೆರಗು ಬಿಗಿಹಿಡಿದು ನಿಂತಿದ್ದಳು. ಪಕ್ಕದಲ್ಲಿ ಸಾಕ್ಷಿಗೆಂದು ಬಾಮೈದ, ಟೈರಿನ ಮಸಿ ಕೈಯ ಸಮೇತ. ಕ್ಯಾಪ್ಟನ್ ಮೇಲಿನಿಂದ ಬಗ್ಗಿ, "ಇವತ್ತು ಜೋಡಿ ಬೂಚೋ?" ಎಂದ.

"ಏಣಿ ಹತ್ತಿ ನಿಧಾನಕ್ಕೆ ಬನ್ನಿ," ಎಂದಳು ಹೆಂಡತಿ. "ಅಷ್ಟೇ ನಾನು ಕೇಳೋದು."

ಬಲಗಡೆಯ ರೆಗ್ಯುಲೇಟರ್ ಬಾಯಿಗೆ ಕಚ್ಚಿ, ಎಡಗಡೆಯದನ್ನು ಕೊರಳಿಗೆ ನೇತುಹಾಕಿ ಬೂಚು ಮುಳುಗಿದ.

ಕೆಳಗೆ ಬಲೆ ಕಗ್ಗಂಟಾಗಿತ್ತು. ಒಂದೆಳೆ ಕೊಯ್ದರೆ ಎರಡೆಳೆ ಕಾಣುತ್ತಿತ್ತು. ಹತ್ತು ನಿಮಿಷ ಕೊಯ್ದು ಮೀಟರು ನೋಡಿದ. ಮುಳ್ಳು ಇದ್ದಲ್ಲೇ ಇದೆ. ಹದಿನೈದು ನಿಮಿಷಕ್ಕೆ ಮತ್ತೆ ನೋಡಿದ. ಕದಲಿಲ್ಲ. ಅವನ ಎದೆ ಉಬ್ಬಿತು. ಇಷ್ಟು ಮಿತವಾಗಿ ಉಸಿರಾಡುವವನು ಈ ಕರಾವಳಿಯಲ್ಲಿ ಇನ್ನೊಬ್ಬನಿಲ್ಲ. ಹೀಗೇ ಆದರೆ ಸಂಜೆವರೆಗೂ ಇರಬಹುದು, ಅಕ್ಕಪಕ್ಕದ ನಾಲ್ಕು ದೋಣಿಗಳ ತಳವನ್ನೂ ಪುಕ್ಕಟೆ ಕೆರೆದುಕೊಡಬಹುದು.

ಹದಿನೆಂಟನೇ ನಿಮಿಷಕ್ಕೆ ಗಾಳಿ ಗಟ್ಟಿಯಾಯಿತು, ತೂತು ಮುಚ್ಚಿದ ಕೊಳವೆಯಲ್ಲಿ ಎಳನೀರು ಹೀರಿದ ಹಾಗೆ. ಇನ್ನೊಂದು ಉಸಿರು ಎಳೆದ. ಏನೂ ಬರಲಿಲ್ಲ.

ಕಾಲುಗಳು ತಾವಾಗಿಯೇ ಮೇಲಕ್ಕೆ ಒದ್ದವು. ಅಷ್ಟರಲ್ಲಿ ಅವನ ಕಣ್ಣಿಗೆ ಟೈರುಗಳು ಕಂಡವು. ಮೂರು ಗೋಡೆ ಟೈರು. ಎಡಗೈಯಲ್ಲಿ ಪ್ರೊಪೆಲ್ಲರನ್ನು ಅವುಚಿ ಹಿಡಿದು, ಬಲಗೈಯಲ್ಲಿ ಕೊರಳಿನ ರೆಗ್ಯುಲೇಟರ್ ಹುಡುಕಿ ಬಾಯಿಗೆ ತುರುಕಿದ. ಗಾಳಿ ಬಂತು. ತಣ್ಣಗೆ, ಧಾರಾಳವಾಗಿ ಬಂತು. ಅಳು ಬಂದರೂ ನೀರೊಳಗೆ ಯಾರಿಗೂ ಕಾಣದೆಂದು ಸ್ವಲ್ಪ ಅತ್ತ. ಆಮೇಲೆ ಚಾಕು ಗಟ್ಟಿ ಹಿಡಿದು ಉಳಿದ ಬಲೆಯನ್ನು ಕೊನೆಯ ಎಳೆಯವರೆಗೂ ಕೊಯ್ದ.

ಅರ್ಧ ಗಂಟೆಯ ಮೇಲೆ ಅವನು ಏಣಿ ಹಿಡಿದು, ಒಂದೊಂದೇ ಮೆಟ್ಟಿಲು, ಮದುಮಗನ ಗತ್ತಿನಲ್ಲಿ ಹತ್ತಿ ಬಂದ. ಕ್ಯಾಪ್ಟನ್ ಕೂಡ ಚಪ್ಪಾಳೆ ತಟ್ಟಿದ.

"ನೋಡಿದ್ಯೇನೇ?" ಎಂದು ಬೂಚು ಹೆಂಡತಿಗೆ ಹೇಳಿದ. "ಕೆಳಗೆ ಒಂದು ಕೈಕೊಡ್ತು. ಇನ್ನೊಂದು ಕಾಪಾಡ್ತು. ಒಂದನ್ನೇ ನಂಬ್ಕೊಂಡಿದ್ರೆ ಏನಾಗ್ತಿತ್ತು ಹೇಳು?"

ಅವಳ ಮುಖ ಬಿಳುಚಿತು. "ಯಾಕೆ ಕೈಕೊಡ್ತು?"

"ಇನ್ಯಾಕೆ? ಈ ಮಾವ ವಾಲ್ವು ಮುಚ್ಚಿರ್ತಾರೆ."

ಟಿಕೆಟ್ಟಿನ ಸಾಲಿನಲ್ಲಿದ್ದ ನಲ್ಲಿ ಮಾವ ಗಂಟುಮೂಟೆ ಕೆಳಗಿಟ್ಟರು. ಅವನ ಬೆನ್ನ ಹಿಂದೆ ಹೋಗಿ ಒದ್ದೆ ಕರವಸ್ತ್ರದ ಮೂರು ಗಂಟನ್ನೂ ಬಿಚ್ಚಿ, ತಿರುಪನ್ನು ಬೆರಳಲ್ಲಿ ಹಿಡಿದು ತಿರುಗಿಸಿದರು. ಒಳಗೆ ಬುಸ್ ಎಂದು ಗಾಳಿ ಒಂದರಿಂದ ಇನ್ನೊಂದಕ್ಕೆ ಹರಿಯಿತು.

"ನಾನು ಒಂದು ಸುತ್ತು ಮುಚ್ಚಿ, ಒಂದು ಸುತ್ತು ತೆರೆದು, ಇದ್ದ ಹಾಗೇ ಬಿಟ್ಟೆ. ಅನ್ನ ಕೊಟ್ಟ ವಿದ್ಯೆ ಅದು, ತಪ್ಪಲ್ಲ. ಅಪ್ಪಾ, ಎದುರಿಗೆ ನಿಂತು ತಿರುಗಿಸೋನ ಎಡ ಬೇರೆ, ಬೆನ್ನ ಹಿಂದೆ ಕೈಹಾಕಿ ತಿರುಗಿಸೋನ ಎಡ ಬೇರೆ. ಮುಚ್ಚಿದ್ದು ನೀನು, ಅದಕ್ಕೇ ಇನ್ನೊಂದು ಕಡೆಗೆ ಗಾಳಿ ತುಂಬೇ ಇಲ್ಲ. ಬಿಚ್ಚದ ಹಾಗೆ ಗಂಟು ಹಾಕಿದ್ದೂ ನೀನೇ."

ಕ್ಯಾಪ್ಟನ್ ಶುರುಮಾಡಿದ ನಗು ಟಿಕೆಟ್ಟಿನ ಸಾಲಿನ ಕೊನೆಯವರೆಗೂ ಹೋಯಿತು.

ಹೆಂಡತಿ ನಗಲಿಲ್ಲ. ಟವೆಲಿನಿಂದ ಅವನ ತಲೆ ಒರೆಸಿದಳು, ಬೇಕಾದ್ದಕ್ಕಿಂತ ಸ್ವಲ್ಪ ಜೋರಾಗಿ.

"ಏಣಿ ಹತ್ತೇ ಬಂದಿದ್ದೀನಿ," ಎಂದು ಬೂಚು ಟವೆಲಿನೊಳಗಿಂದ ಹೇಳಿದ. "ಮಾತು ಮಾತೇ."

"ಮಾತು ಮಾತೇ. ಮುಳುಗೋದು ಬಿಡಬೇಡಿ. ನಿಮ್ಮ ಲೆಕ್ಕಾನೂ ಸರಿ ಇದೆ, ಒಂದನ್ನೇ ನಂಬ್ಕೋಬಾರದು."

"ಈಗ ಅರ್ಥ ಆಯ್ತಲ್ಲ."

"ಚೆನ್ನಾಗಿ ಆಯ್ತು. ಅದಕ್ಕೇ ನಾಳೆಯಿಂದ ಮಧ್ಯಾಹ್ನದವರೆಗೆ ಸಮುದ್ರ. ಮಧ್ಯಾಹ್ನದ ಮೇಲೆ ಟೈರ್ ಅಂಗಡಿ. ಒಂದು ಕೈಕೊಟ್ರೆ ಇನ್ನೊಂದಿರುತ್ತೆ."

ಬೂಚು ಬಾಯಿ ತೆರೆದ. ಗಾಳಿ ಬಂತು, ಮಾತು ಬರಲಿಲ್ಲ.

ಬಾಮೈದ ಪ್ರೀತಿಯಿಂದ ಹತ್ತಿರ ಬಂದು, ಮಸಿ ಕೈಯನ್ನು ಅವನ ಹೆಗಲ ಮೇಲಿಟ್ಟ.

"ಬನ್ನಿ ಭಾವ, ಕಾಯ್ತಿರ್ತೀನಿ. ಬರೋವಾಗ ಆ ಕರವಸ್ತ್ರ ಮಾತ್ರ ಮನೇಲೇ ಬಿಟ್ಟು ಬನ್ನಿ."