ಕಾಕಾ ಹುಡುಕಿದ ಸೋರದ ಬೋಲ್ಟು

ಸಾಕ್ಷಾತ್ ಮೈಲಾರಲಿಂಗನೇ ಕುದುರೆ ಇಳಿದು ಬಂದು, ನಿನ್ನ ಗಾಡಿಯ ಎಣ್ಣೆ ನಾನು ಬದಲಾಯಿಸಿಕೊಡುತ್ತೇನೆ ಎಂದರೂ ನಮ್ಮ ಕಾಕಾ ಒಪ್ಪುವ ಆಸಾಮಿಯಲ್ಲ. "ಬ್ಯಾಡ್ರಿ ತಂದಿ, ನೀವು ಬೋಲ್ಟ್ ಜಾಸ್ತಿ ಬಿಗಿ ಮಾಡಿಬಿಡ್ತೀರಿ" ಎಂದು ಕೈಮುಗಿದು, ಕುದುರೆಯ ಲಾಳ ನೆಟ್ಟಗಿದೆಯೋ ಇಲ್ಲವೋ ಬಗ್ಗಿ ನೋಡಿ, ದೇವರನ್ನು ಬಂದ ದಾರಿಗೇ ಕಳಿಸಿಬಿಡುತ್ತಾನೆ! ಕಾಕಾ ಎಂದರೆ ನಮ್ಮಪ್ಪನ ತಮ್ಮ. ಎದುರಿಗೆ ಬಹುವಚನ, ಬೆನ್ನ ಹಿಂದೆ ಏಕವಚನ. ಇದು ನಮ್ಮ ಮನೆಯ ರೂಢಿ, ನೀವು ತಪ್ಪು ತಿಳಿಯಬೇಡಿ.

ನಗುವ ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ಕಾಕಾನ ಎರಡೂ ಕಿಡ್ನಿ ಕೆಲಸ ನಿಲ್ಲಿಸಿವೆ. ವಾರಕ್ಕೆ ಎರಡು ಸಲ ನಮ್ಮೂರು ಮಕ್ತಲದಿಂದ ಗದ್ವಾಲದ ಆಸ್ಪತ್ರೆಗೆ ಹೋಗಿ, ಯಂತ್ರಕ್ಕೆ ಕೈಕೊಟ್ಟು ಮಲಗಿ, ರಕ್ತ ತೊಳೆಸಿಕೊಂಡು ಬರಬೇಕು. ವಾಸಿಯಾಗುವ ರೋಗವಲ್ಲ, ಇರುವಷ್ಟು ದಿನ ಹೀಗೇ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ದಾರಿಯಲ್ಲಿ ಜೂರಾಲ ಅಣೆಕಟ್ಟಿನ ಮೇಲೆ ಗಾಡಿ ಕೆಟ್ಟು ನಿಂತಿತೋ, ಆ ದಿನದ ಸರದಿ ತಪ್ಪಿತು. ಸರದಿ ತಪ್ಪಿದರೆ ಉಸಿರಿಗೇ ಸಂಚಕಾರ.

ಇಂಥ ಮನುಷ್ಯ ಏನು ಮಾಡಬೇಕು ಹೇಳಿ? ಆ ಮುದಿ ವ್ಯಾನು ಮಾರಿ ಬಾಡಿಗೆ ಕಾರಿನಲ್ಲಿ ಹಿಂದಿನ ಸೀಟಿಗೆ ಒರಗಿಕೊಂಡು ಹೋಗಬೇಕೋ ಬೇಡವೋ? ನಾವೆಲ್ಲ ಹೇಳಿ ಸಾಕಾಯಿತು.

"ಗಾಡಿ ಮಾರಿದ ದಿನ ನಾ ರೋಗಿ ಆಗ್ತೀನಿ" ಎಂದ ಕಾಕಾ.

"ಈಗೇನ್ ಆಗೀರಿ?"

"ಈಗ ಗಾಡಿ ಮಾಲಕ. ಗದ್ವಾಲದಾಗ ಸ್ವಲ್ಪ ಕೆಲಸ ಇರತೈತಿ, ಹೋಗಿ ಬರ್ತೀನಿ."

ಇಂಥವರ ಜೊತೆ ವಾದ ಮಾಡಬಹುದೆ? ನಾನು ದಿನವಿಡೀ ಶಾಲೆಯಲ್ಲಿ ಮಕ್ಕಳ ಜೊತೆ ಕೂಗಾಡಿ ಬರುವವಳು. ನನ್ನ ಗಂಟಲಿಗೂ ಒಂದು ಮಿತಿಯಿದೆ.

ಆ ವ್ಯಾನಿನಲ್ಲಿ ಕಾಕಾ ಬಹಳ ವರ್ಷ ನಾರಾಯಣಪೇಟೆ, ಗದ್ವಾಲದ ಮಗ್ಗಗಳಿಂದ ಅಂಗಡಿಗಳಿಗೆ ಸೀರೆ ಸಾಗಿಸಿದವನು. ಎಂಜಿನ್ನಿನ ಕೆಳಗೆ ಎಣ್ಣೆ ನಿಲ್ಲುವ ತೊಟ್ಟಿಗೆ ನಮ್ಮಲ್ಲಿ ಚೇಂಬರ್ ಎನ್ನುತ್ತಾರೆ. ಅದರ ತಳಕ್ಕೊಂದು ಬೋಲ್ಟು. ಅದನ್ನು ಬಿಚ್ಚಿದರೆ ಹಳೆಯ ಎಣ್ಣೆ ಇಳಿಯುತ್ತದೆ. ಒಮ್ಮೆ ಯಾವನೋ ಮೆಕ್ಯಾನಿಕ್ ಆ ಬೋಲ್ಟನ್ನು ಮೈಮೇಲೆ ದೇವರು ಬಂದವನ ಹಾಗೆ ಬಿಗಿದು ಅದರ ತಿರುಪಿನ ಗೆರೆಗಳನ್ನೇ ಸವೆಸಿಬಿಟ್ಟ. ಎಣ್ಣೆ ದಾರಿಯುದ್ದಕ್ಕೂ ಸೋರಿ, ನಾರ್ವದ ಹತ್ತಿರ ಎಂಜಿನ್ ಹಿಡಿದುಕೊಂಡು ನಿಂತಿತು. ಆವತ್ತಿನಿಂದ ಎಣ್ಣೆ ಬದಲಾಯಿಸುವ ಕೆಲಸ ಮನೆಯ ಮುಂದೆಯೇ.

ಮನೆಯ ಮುಂದೆ ಏನಿದೆ? ನೇಕಾರರ ಓಣಿ! ಬೆಳಗಾದರೆ ಓಣಿಯುದ್ದಕ್ಕೂ ಮಗ್ಗಕ್ಕೆ ಏರಿಸುವ ಹಾಸಿನ ನೂಲನ್ನು ಎಳೆದು ಕಟ್ಟಿ ಗಂಜಿ ಹಚ್ಚುತ್ತಾರೆ. ಒಂದು ದಿನ ಕಾಕಾ ವ್ಯಾನಿನಡಿ ಮಲಗಿ ಬೋಲ್ಟು ತಿರುಗಿಸಿದ. ಬಿಸಿ ಎಣ್ಣೆಯೆಂದರೆ ನೆಟ್ಟಗೆ ಡಬ್ಬಿಗೆ ಬೀಳುತ್ತದೆಯೆ? ಅಡ್ಡಕ್ಕೆ ಹಾರಿ ಪಕ್ಕದ ಮನೆಯವಳ ಬಿಳಿ ಹಾಸಿನ ಮೇಲೆ ಚುಕ್ಕಿ ಚುಕ್ಕಿಯಾಗಿ ಕೂತಿತು. ಆಕೆ ಸೊಂಟಕ್ಕೆ ಕೈಯಿಟ್ಟು ನಿಂತು, "ಅಂಚು ನಾ ಹಾಕ್ತೀನಿ, ಬುಟ್ಟಾ ನೀವು ಹಾಕ್ತೀರೇನ್ರಿ ಅಣ್ಣಾರ?" ಎಂದಳು. ಓಣಿಗೆ ಓಣಿಯೇ ನಕ್ಕಿತು. ಕಾಕಾ ಒಬ್ಬನೇ ನಗಲಿಲ್ಲ. ನೂಲು ಕೆಟ್ಟಿತಲ್ಲ ಎಂದು ಎರಡು ದಿನ ಸರಿಯಾಗಿ ಉಣ್ಣಲಿಲ್ಲ.

ರೋಗ ಬಂದ ಮೇಲೆ ಇನ್ನೊಂದು ತೊಡಕು. ಯಂತ್ರದ ಸೂಜಿ ಚುಚ್ಚಲೆಂದು ಎಡಗೈಯ ರಕ್ತನಾಳಗಳನ್ನು ಕೂಡಿಸಿ ಹೊಲಿದಿದ್ದಾರೆ. ಆ ಕೈಯಿಂದ ಭಾರ ಎತ್ತಬಾರದು, ಜೋರು ಹಾಕಬಾರದು. "ಪೆದನಾನ್ನಾ, ಈ ಚೆಯ್ಯಿ ಜಾಗ್ರತ್ತ" ಎಂದು ನರ್ಸಮ್ಮ ಕೈ ಜೋಪಾನ ಮಾಡಲು ತೆಲುಗಿನಲ್ಲಿ ಬೇಡಿಕೊಂಡಿದ್ದಾಳೆ. ವ್ಯಾನಿನಡಿ ಮಲಗಿ ಪಾನಾ, ಅಂದರೆ ಸ್ಪ್ಯಾನರ್, ತಿರುಗಿಸಲು ಎರಡೂ ಕೈ ಬೇಕು. ಬೇರೆ ಯಾರಾದರೂ ಆಗಿದ್ದರೆ ಮೆಕ್ಯಾನಿಕ್ಕನನ್ನು ಕರೆಯುತ್ತಿದ್ದರು. ಕಾಕಾ ಬೋಲ್ಟನ್ನೇ ಬದಲಾಯಿಸಲು ಹೊರಟ!

ಬೋಲ್ಟಿನಲ್ಲಿ ಇಷ್ಟು ಜಾತಿ ಇವೆಯೆಂದು ನನಗೇನು ಗೊತ್ತಿತ್ತು? ಒಂದು ಕೈಯಲ್ಲೇ ತಿರುವುವ ಕಿವಿಯುಳ್ಳದ್ದು. "ಬ್ಯಾಡ, ರಸ್ತೆ ಕುಲುಕಿಗೆ ಸಡಲಾಗತೈತಿ." ಒಂದು ನಳದಂತೆ ಪುಟ್ಟ ಹಿಡಿಕೆಯಿರುವುದು, ಒಮ್ಮೆ ಕೂಡಿಸಿದರೆ ಆಮೇಲೆ ಪಾನಾದ ಗೊಡವೆಯೇ ಇಲ್ಲ, ಹಿಡಿಕೆ ಎತ್ತಿ ತಿರುಗಿಸಿದರೆ ಎಣ್ಣೆ ಪೈಪಿನಲ್ಲಿ ಇಳಿಯುತ್ತದೆ. ಆದರೆ ಅದು ಕೆಳಕ್ಕೆ ಜೋತುಬಿದ್ದು ಕಲ್ಲಿಗೆ ತಾಗಿದರೆ? ಇನ್ನೊಂದು ಮೂತಿಗೆ ಅಯಸ್ಕಾಂತ ಇರುವುದು. ಎಣ್ಣೆಯಲ್ಲಿ ಸವೆದು ಬಿದ್ದ ಕಬ್ಬಿಣದ ಪುಡಿ ಹಿಡಿಯುತ್ತದೆ. ಹೆಣ್ಣು ನೋಡಲು ಹೋದವರೂ ಇಷ್ಟು ಕೊಂಕು ತೆಗೆದದ್ದನ್ನು ನಾನು ಕಂಡಿಲ್ಲ.

ಮೊದಲು, ತಾನು ಪಕ್ಕದಲ್ಲೇ ಕೂತು ಓಣಿಯ ಹುಡುಗನೊಬ್ಬನ ಕೈಯಿಂದ ಕೂಡಿಸಿದ್ದು ಅಯಸ್ಕಾಂತದ್ದು. ಗಟ್ಟು ಎಂಬ ಊರಿನಿಂದ ನೆಂಟರು ಆರೋಗ್ಯ ವಿಚಾರಿಸಲು ಬಂದರು, ಕಿಡ್ನಿ ಕೆಟ್ಟವರು ತಿನ್ನಬಾರದ ಮೋಸಂಬಿಯನ್ನೇ ಚೀಲ ತುಂಬಿಕೊಂಡು. ಕಾಕಾ ಬೋಲ್ಟಿನ ಮೂತಿ ಒರೆಸಿದ ಬಿಳಿ ಬಟ್ಟೆಯನ್ನು ಅವರ ಮುಂದೆ ಹರಡಿದ.

"ನೋಡ್ರಿ, ಪುಡಿ ಕಮ್ಮಿ ಐತಿ. ರಿಪೋರ್ಟ್ ಛಲೋ ಬಂದೈತಿ."

"ದೇವರು ದೊಡ್ಡವ! ನಿಮ್ಮ ರಿಪೋರ್ಟ್ ಏನ್ರಿ?"

"ಅಲ್ಲರಿ, ಇದು ಗಾಡೀದು. ನಂದು ಕೇಳಬ್ಯಾಡ್ರಿ, ನನ್ನ ಕಂಪನಿ ಮುಚ್ಚೇತಿ, ಸಾಮಾನು ಸಿಗಂಗಿಲ್ಲ."

ನೆಂಟರು ನಗಬೇಕೋ ಅಳಬೇಕೋ ತಿಳಿಯದೆ ಮೋಸಂಬಿ ತಾವೇ ಸುಲಿದು ತಿಂದು ಹೋದರು.

ಆಮೇಲೆ ಬಂತು ಹಿಡಿಕೆಯ ಬೋಲ್ಟು. ಸೋರುತ್ತದೆಯೇ ಇಲ್ಲವೇ ನೋಡಬೇಕಲ್ಲ! ಕಾಕಾನ ಹೆಂಡತಿ, ಮನೆಯಲ್ಲೇ ಮಗ್ಗ ನೇಯುವ ಕಾಕಿಯ ನೂಲಿನ ಗಂಜಿ ಪಾತ್ರೆಯ ತಳಕ್ಕೆ ತೂತು ಕೊರೆದು ಅದಕ್ಕೇ ಕೂಡಿಸಿದ. ಕಾಕಿ ನಾಲ್ಕು ಬೈದಳು. ಮಾರನೆಯ ದಿನ ಹಿಡಿಕೆ ತಿರುಗಿಸಿ, "ಬಗ್ಗಿಸೋ ಕಾಟ ತಪ್ಪಿತು ಬಿಡು" ಎಂದು ಗಂಜಿ ಬಸಿದುಕೊಂಡಳು. ಕಾಕಾ ಮಾತ್ರ ಪಾತ್ರೆ ತುಂಬ ನೀರು ಹಾಕಿ ಇಡೀ ದಿನ ಅದರ ಮುಂದೆ ಕೂತ. ಅವನಿಗೆ ದಿನಕ್ಕೆ ಇಂತಿಷ್ಟೇ ನೀರು. ಬೇಸಿಗೆಯಲ್ಲಿ ನಾಲಿಗೆ ಒಣಗಿ ತುಟಿ ಸವರಿಕೊಳ್ಳುತ್ತಾ, ಅಷ್ಟು ನೀರಿನ ಮುಂದೆ ಕೂತು ಹನಿಯೂ ಸೋರದಿರಲಿ ಎಂದು ಕಾಯುತ್ತಿದ್ದ. ನಾನು ಆ ದಿನ ಒಳಗೆ ಹೋಗಿ ನೀರು ಕುಡಿಯಲಾರದೆ ಹಾಗೇ ಮನೆಗೆ ಬಂದೆ.

ಅದಾಗಿ ಕೆಲವು ದಿನಗಳಿಗೆ ನಾನು ಗದ್ವಾಲದಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಜೂರಾಲ ಅಣೆಕಟ್ಟಿನ ಮೇಲೆ ನಮ್ಮ ವ್ಯಾನು ಕಂಡಿತು. ಕಿಟಕಿಯಿಂದ ಕೈಬೀಸಲು ಹೋದವಳು ಕೈ ಒಳಗೆಳೆದುಕೊಂಡೆ. ಸ್ಟೇರಿಂಗ್ ಹಿಡಿದು ಕೂತವಳು ಕಾಕಿ! ಪಕ್ಕದ ಸೀಟಿನಲ್ಲಿ ಕಾಕಾ, ಬಾಯಿ ತೆರೆದು, ಬೂದಿಬಣ್ಣದ ಮುಖದಲ್ಲಿ ನಿದ್ದೆ ಹೋಗಿದ್ದಾನೆ. ಬಸ್ಸು ಮುಂದೆ ಹೋಯಿತು. ನಾನು ಇಳಿದು ಅವರ ಓಣಿ ಮುಟ್ಟಿ ನಿಂತಿರುವಾಗ ವ್ಯಾನು ಬಂತು. ನೋಡುತ್ತೇನೆ, ಸ್ಟೇರಿಂಗಿನ ಮುಂದೆ ಕಾಕಾ ಮೀಸೆ ಹುರಿಮಾಡಿಕೊಂಡು ಕೂತಿದ್ದಾನೆ!

ಕಾಕಿಯನ್ನು ಅಡಿಗೆಮನೆಗೆ ಎಳೆದೊಯ್ದು ಕೇಳಿದೆ.

"ಮಿಷನ್ ಮ್ಯಾಲಿಂದ ಎದ್ದರ ಅವರಿಗೆ ಕಣ್ಣು ಕತ್ತಲಿ ಬರತಾವ. ಹಿಂಗಾಗಿ ನಾ ಹೊಡೀತೀನಿ. ಲೈಸೆನ್ಸ್ ಐತಿ ನಂದು. ಸೀರಿ ಕೊಡಾಕ ಹೊಂಟೀವಿ ಅಂತ ನಿಮಗೆಲ್ಲ ಹೇಳಿ ನಾರಾಯಣಪೇಟಿಗೆ ಹೋಗಿದ್ವಿ ನೋಡು, ಆವಾಗ ಮಾಡಿಸಿದ್ರು. ಊರ ಹೊರಗಿನ ಪೆಟ್ರೋಲ್ ಬಂಕಿನ ಹತ್ರ ಸೀಟು ಬದಲಸ್ತೀವಿ. ಊರಾಗ ಅವರ ಮರ್ಯಾದಿ ಉಳೀಲಿ ಅಂತ."

ನನಗೆ ಸಿಟ್ಟು ನೆತ್ತಿಗೇರಿತು. ಹೊರಗೆ ಬಂದು ರೇಗಿದೆ. "ಕಾಕಾ, ಗಾಡಿ ಕಾಕಿ ಹೊಡೀತಾಳಂದ್ರ ಈ ಬೋಲ್ಟಿನ ಹುಚ್ಚು ಯಾಕ್ರಿ? ಯಾವ ಬೋಲ್ಟ್ ಆದ್ರ ಏನು, ನಿಮ್ಮ ಕೈಲೆ ಇನ್ನ ಆಗಂಗಿಲ್ಲಲ್ಲ!"

ಆಡಬಾರದ್ದು ಆಡಿಬಿಟ್ಟಿದ್ದೆ. ಕಾಕಾ ಸಿಟ್ಟಾಗಲಿಲ್ಲ. ಜೇಬಿನಿಂದ ಬೋಲ್ಟು ತೆಗೆದು, ಹೆಬ್ಬೆರಳು, ತೋರುಬೆರಳಿನಲ್ಲಷ್ಟೇ ಅದರ ಹಿಡಿಕೆ ಎತ್ತಿ ತಿರುಗಿಸಿ ತೋರಿಸಿದ.

"ನನ್ನ ಕೈ ಸಲುವಾಗಿ ಅಂತ ಯಾರಂದ್ರು? ನಿಮ್ಮ ಕಾಕೀದು ರೇಷ್ಮಿ ಹಿಡಿಯೋ ಬೆರಳವ್ವಾ. ಪಾನಾ ಹಿಡಿದು ತೊಗಲು ಒರಟಾದ್ರ ಎಳಿ ಸಿಕ್ಕಿ ಹರೀತಾವ, ಮಗ್ಗ ನಿಲ್ಲತೈತಿ. ನಾ ಹೋದ ಮ್ಯಾಲ ಆಕಿಗೆ ಗಾಡೀನೂ ಇರಬೇಕು, ಮಗ್ಗಾನೂ ಇರಬೇಕು. ಯಾರ ಮುಂದೂ ಕೈಕಟ್ಟಿ ನಿಂದ್ರಬಾರದು."



ಮುಂದಿನ ವಾರ ಕಾಕಿಯೇ ಗಾಡಿಯಡಿ ಮಲಗಿದಳು. ಬೋಲ್ಟನ್ನು ಚೇಂಬರಿಗೆ ಆಗಲೇ ಕೂಡಿಸಿಯಾಗಿತ್ತು. ಕಲ್ಲು ತಾಗದಂತೆ ಅದಕ್ಕೊಂದು ತಗಡಿನ ಆಸರೆಯನ್ನೂ ಕಾಕಾ ಮಾಡಿಸಿದ್ದ. ಕುರ್ಚಿಯಲ್ಲಿ ಕೂತು, "ಮೊದಲ ಹಿಡಿಕಿ ಎತ್ತು, ಆಮ್ಯಾಲ ತಿರುವು" ಎಂದು ಒದರಿದ. "ತಿರುವೀನಿ, ಸುಮ್ಮ ಕೂಡ್ರಿ" ಎಂದು ಕೆಳಗಿನಿಂದ ಉತ್ತರ ಬಂತು. ಎಣ್ಣೆ ಪೈಪಿನಲ್ಲಿ ತೆಪ್ಪಗೆ ಡಬ್ಬಿಗೆ ಇಳಿಯಿತು. ಓಣಿಯ ಹೆಂಗಸರು ಗಂಜಿ ಹಚ್ಚುವುದು ನಿಲ್ಲಿಸಿ ನೋಡಿದರು.

ಆಮೇಲಿನ ಸರದಿಯ ದಿನ ಸಂಜೆ ನಾನು ಮಕ್ತಲದ ಬಸ್‌ಸ್ಟ್ಯಾಂಡಿನ ಎದುರು ಹಣ್ಣು ಕೊಳ್ಳುತ್ತಿದ್ದೆ. ವ್ಯಾನು ಬಜಾರದ ನಡುವೆ ಬಂತು. ಈ ಸಲ ಸೀಟು ಬದಲಾಗಿರಲಿಲ್ಲ. ಕಾಕಿ ಸೆರಗು ಬಿಗಿದು ಸ್ಟೇರಿಂಗ್ ಹಿಡಿದಿದ್ದಳು. ಅವಳ ಪಕ್ಕದಲ್ಲಿ ಕಾಕಾ, ಕುತ್ತಿಗೆ ನಿಲ್ಲದಷ್ಟು ಸೋತು ಕೂತಿದ್ದ. ಚಹಾದಂಗಡಿಯ ಮುಂದೆ ಗಾಡಿ ನಿಲ್ಲಿಸಲು ಹೇಳಿದ. ಅಲ್ಲಿ ಕೂತವರೆಲ್ಲ ಅವನ ವಾರಗೆಯವರು, ಮಾತು ನಿಲ್ಲಿಸಿ ನೋಡಿದರು. ಕಾಕಾ ಕಿಟಕಿಗೆ ತಲೆಯೊರಗಿಸಿ ಎಲ್ಲರಿಗೂ ಕೇಳುವಂತೆ ಹೇಳಿದ:

"ಏನ್ ನೋಡ್ತೀರಿ? ನಮ್ಮ ಡ್ರೈವರ್ ಸಾಬರಿಗೆ ಒಂದು ಚಾ ಕೊಡ್ರಿ. ಗದ್ವಾಲದಿಂದ ಒಬ್ಬರೇ ಹೊಡಕೊಂಡು ಬಂದಾರ."

ಯಾರೂ ನಗಲಿಲ್ಲ. ಒಬ್ಬ ಎದ್ದು ಗಾಜಿನ ಲೋಟ ತಂದು ಕಿಟಕಿಯೊಳಗೆ ಚಾಚಿದ. ಕಾಕಿ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಅಷ್ಟು ಜನರ ಮುಂದೆ, ಸದ್ದಿಲ್ಲದೆ ಅಳತೊಡಗಿದಳು. ರಸ್ತೆಯ ಈಚೆ ನಿಂತು ನಾನೂ ಅತ್ತೆ.

"ಅಳೂದು ಮುಂದ ಐತಿ" ಎಂದ ಕಾಕಾ, ಮೆಲ್ಲಗೆ. "ಈಗ ಚಾ ಕುಡಿ. ಆರತೈತಿ."