ಅತ್ತೆ ಒಪ್ಪಿದ ಧಾರಾವಾಹಿ

ನಮ್ಮ ಮನೆಯಲ್ಲಿ ಒಂದು ಧಾರಾವಾಹಿ ಮುಗಿಯಿತೆಂದರೆ ಒಂದಿಲ್ಲೊಂದು ಫಜೀತಿ ಶುರುವಾಯಿತೆಂದೇ ಅರ್ಥ. ಬೇರೆಯವರ ಮನೆಯಲ್ಲಿ ಹಳೆಯದು ಮುಗಿದರೆ ಹೊಸದು ಹಚ್ಚುತ್ತಾರೆ, ಅಷ್ಟೆ. ನಮ್ಮಲ್ಲಿ ಅಷ್ಟು ಸಲೀಸಾಗಿರಲಿಲ್ಲ. ಬಾಗಲಕೋಟೆಯಿಂದ ಬಂದಿದ್ದ ನಮ್ಮ ಅತ್ತೆ ಪುಣೆಯಲ್ಲಿ ನಿಲ್ಲುತ್ತಿದ್ದುದೇ ಧಾರಾವಾಹಿಯ ಬಲದ ಮೇಲೆ. ಅದು ಮುಗಿದ ದಿನವೇ "ನನ್ನ ಊರಿಗೆ ಕಳಸ್ರೆಪಾ, ಇಲ್ಲೇನ್ ಅದ ನನಗ?" ಎಂದು ರಾಗ ತೆಗೆಯುತ್ತಿದ್ದರು. ಅವರು ಹೋದರೆ ಮಗುವನ್ನು ನೋಡಿಕೊಳ್ಳುವವರಿಲ್ಲ. ನಾನು ಟೈಪಿಸ್ಟ್ ಕೆಲಸ ಬಿಟ್ಟು ಮನೆಯಲ್ಲಿ ಕೂರಬೇಕು. ಆ ಕೆಲಸವೆಂದರೆ ನನಗೆ ಜೀವ.

ತೊಂಬತ್ತರ ದಶಕದ ಕೊನೆಯ ಕಾಲ. ಚಾನೆಲ್ಲುಗಳು ನಾಯಿಕೊಡೆಗಳಂತೆ ಏಳುತ್ತಿದ್ದವು. ಪುಣೆಯ ಧನಕವಡಿಯ ನಮ್ಮ ಮನೆಯಲ್ಲಿ ಮಾತ್ರ ಹೊಸ ಧಾರಾವಾಹಿ ಚೆನ್ನಾಗಿದೆಯೋ ಇಲ್ಲವೋ ಎಂದು ಯಾರೂ ಕೇಳುತ್ತಿರಲಿಲ್ಲ. ಅತ್ತೆ ಕೂತು ನೋಡುತ್ತಾರೋ ಇಲ್ಲವೋ ಎಂಬುದೊಂದೇ ಪ್ರಶ್ನೆ. ಅವರಿಗೆ ಮರಾಠಿ ಬರುತ್ತಿರಲಿಲ್ಲ, ಹಿಂದಿಯೂ ಬರುತ್ತಿರಲಿಲ್ಲ. ಅದೊಂದು ಅಡ್ಡಿ ಎಂದು ಅವರಿಗೆ ಎಂದೂ ಅನಿಸಿರಲಿಲ್ಲ.

ನಳದ ಮುಂದಿನ ವರದಿ

ಹೊಸ ಧಾರಾವಾಹಿಗಳು ಬರುವುದೇ ಒಟ್ಟೊಟ್ಟಿಗೆ, ಅದೂ ಒಂದೇ ಹೊತ್ತಿಗೆ. ಎಲ್ಲವನ್ನೂ ಒಬ್ಬರೇ ನೋಡಲಿಕ್ಕಾಗದು. ಅದಕ್ಕೆ ನಮ್ಮ ಕಟ್ಟಡದ ಹೆಂಗಸರು ಒಂದು ಪದ್ಧತಿ ಮಾಡಿಕೊಂಡಿದ್ದೆವು. ಕೆಳಮನೆಯ ಮರಾಠಿ ಕಾಕೂ ಒಂದನ್ನು ನೋಡಬೇಕು, ನಾನು ಇನ್ನೊಂದನ್ನು, ಮೇಲ್ಮನೆಯ ಕಲಬುರಗಿ ವೈನಿ ಮತ್ತೊಂದನ್ನು. ಬೆಳಿಗ್ಗೆ ನೀರು ಬಂದಾಗ ಅಂಗಳದ ನಳಕ್ಕೆ ಕೊಡ ಹಚ್ಚಿ ವರದಿ ಒಪ್ಪಿಸಬೇಕು. ಗಂಡು ನೋಡಿ ಬಂದವರನ್ನು ಕೇಳುವ ಹಾಗೆ ಮನೆತನ ಹೇಗೆ, ಹುಡುಗ ಏನು ಮಾಡುತ್ತಾನೆ ಎಂದು ಎಲ್ಲ ವಿಚಾರಣೆ. ಅತ್ತೆಯೂ ಬಂದು ಕಟ್ಟೆಯ ಮೇಲೆ ಕೂರುತ್ತಿದ್ದರು.

ಒಂದು ಸಲ ವೈನಿಯ ವರದಿ ಬಲು ಜೋರಾಗಿತ್ತು. ಅಣ್ಣ ತಮ್ಮಂದಿರ ಜಗಳ, ಮನೆ ಪಾಲು, ನಡುವೆ ಗೋಡೆ, ಆ ಗೋಡೆಗೆ ಕದ್ದು ಕಿಂಡಿ ಕೊರೆದ ಕಿರಿಯ ಸೊಸೆ. ಕೊಡ ತುಂಬಿ ಹರಿಯುತ್ತಿದ್ದರೂ ನಮಗೆ ಎಚ್ಚರವಿಲ್ಲ. ಅತ್ತೆ "ಅದನ್ನ ಹಚ್ಚು" ಎಂದು ಅಪ್ಪಣೆ ಕೊಟ್ಟರು. ಸಂಜೆ ಹಚ್ಚಿದೆ. ಅದರಲ್ಲಿ ಅಣ್ಣನೂ ಇಲ್ಲ, ತಮ್ಮನೂ ಇಲ್ಲ. ಒಬ್ಬ ಡಾಕ್ಟರು ಹೆಲಿಕಾಪ್ಟರಿನಿಂದ ಇಳಿಯುತ್ತಿದ್ದ.

ಮರುದಿನ ನಳದ ಹತ್ತಿರ ವೈನಿಯನ್ನು ಹಿಡಿದು ಕೇಳಿದೆ.

"ಏನ್ ಮಾಡ್ಲಿ ರೀ? ಮ್ಯಾಚ್ ನಡದಾವ, ನಮ್ಮನಿಯವ್ರು ರಿಮೋಟ್ ಬಿಡವಲ್ರು. ನಳಕ್ಕ ಖಾಲಿ ಕೈಲೆ ಹೆಂಗ ಬರ್ಲಿ? ನಮ್ಮ ತವರಮನಿ ಕಥೀನೇ ಹೇಳಿಬಿಟ್ಟೆ" ಎಂದರು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಅತ್ತೆ ಮಾತ್ರ ವೈನಿಯ ಹತ್ತಿರಕ್ಕೆ ಸರಿದು ಕೂತರು. "ಅದಿರ್ಲಿ ಬಿಡು. ಗ್ವಾಡಿ ಬಿತ್ತೋ ಇಲ್ಲೋ?"

ಲೋಣಾವಳಾದ ದೆವ್ವ

ಅವ್ವನನ್ನು ಉಳಿಸಿಕೊಳ್ಳುವ ಉಪಾಯ ತಮಗೊಬ್ಬರಿಗೇ ಗೊತ್ತು ಎಂದು ನನ್ನ ಯಜಮಾನರಿಗೆ ಜಂಬ. "ಅವ್ವಗ ಹೆದರಿಕಿ ಕಥಿ ಭಾಳ ಸೇರತಾವ, ನೋಡ್ತಿರು" ಎಂದು ಒಂದು ದೆವ್ವದ ಧಾರಾವಾಹಿ ಹುಡುಕಿದರು. ಲೋಣಾವಳಾದ ಮಳೆ, ಹಳೆಯ ಬಂಗಲೆ, ತಾನಾಗಿಯೇ ತೆರೆಯುವ ಬಾಗಿಲು. ಶುರುವಾದ ಸ್ವಲ್ಪ ಹೊತ್ತಿಗೇ ಇವರು ದಿಂಬು ಅಪ್ಪಿಕೊಂಡು ಕೂತರು. ಅತ್ತೆ ಹುಬ್ಬು ಗಂಟಿಕ್ಕಿ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಹಿಡಿಯಿತು ಎಂದುಕೊಂಡೆವು.

ದೆವ್ವ ಬಂತು. ಬಿಳಿ ಸೀರೆ, ಕೆದರಿದ ಕೂದಲು, ಕೈಯಲ್ಲಿ ಮೇಣಬತ್ತಿ. ಅತ್ತೆ ತಡೆಯಲಾರದೆ ಎದ್ದು ನಿಂತರು.

"ಮೇಣಬತ್ತಿ ಹಿಡಕೊಂಡು ಮನಿ ತುಂಬಾ ತಿರಗ್ತಾಳ. ಕಸಬರಗಿ ಹಿಡೀಲಿಕ್ಕೆ ಏನಾಗೇದ ಈಕಿಗೆ? ಮೂಲಿ ಮೂಲಿಗೆ ಜೇಡರ ಬಲಿ!"

"ಅವ್ವಾ, ಆಕಿ ದೆವ್ವ" ಎಂದರು ಇವರು ದಿಂಬಿನ ಹಿಂದಿನಿಂದ.

"ಇರ್ಲೇಳು. ದೆವ್ವ ಆದ ಕೂಡ್ಲೆ ಮನಿಗೆಲಸಾ ಬಿಡ್ತದೇನು?"

ಒಂದು ಟಿ.ವಿ., ಎರಡು ಕಥೆ

ಅಂತೂ ಒಂದು ಮರಾಠಿ ಧಾರಾವಾಹಿ ಗಟ್ಟಿಯಾಗಿ ನಿಂತಿತು. ಅದಕ್ಕೆ ಕಾರಣ ಕೆಳಮನೆಯ ಕಾಕೂ. ಮಧ್ಯಾಹ್ನದ ಮರುಪ್ರಸಾರ ನೋಡಲು ಅವರು ನಮ್ಮ ಮನೆಗೇ ಬರುತ್ತಿದ್ದರು. ಕಾಕೂಗೆ ಕನ್ನಡದ ಗಂಧಗಾಳಿ ಇರಲಿಲ್ಲ. ಅವರು ಮರಾಠಿಯಲ್ಲಿ ಏನೋ ಹೇಳುವುದು, ಅತ್ತೆ ಕನ್ನಡದಲ್ಲಿ ಏನೋ ಹೇಳುವುದು, ಇಬ್ಬರೂ ತಲೆಯಾಡಿಸಿ ಶೇಂಗಾ ಬಿಡಿಸುವುದು. ನೋಡಲಿಕ್ಕೆ ನನಗೆ ಸಂತೋಷವಾಗುತ್ತಿತ್ತು.

ಒಂದು ಶನಿವಾರ ಅರ್ಧ ದಿನದ ಕೆಲಸ ಮುಗಿಸಿ ಬಂದರೆ ಇಬ್ಬರೂ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಾರೆ. ಏನಾಯಿತೆಂದು ಕಾಕೂವನ್ನು ಕೇಳಿದೆ. ಹುಡುಗನಿಗೆ ನಾಗಪುರಕ್ಕೆ ವರ್ಗವಾಗಿದೆ, ಹೊಸ ಹೆಂಡತಿಯನ್ನು ಬಿಟ್ಟು ಹೋಗುತ್ತಿದ್ದಾನೆ ಎಂದರು. ಅವರು ಇಳಿದು ಹೋದ ಮೇಲೆ ಅತ್ತೆಯನ್ನು ಕೇಳಿದೆ.

"ಆ ಹುಡುಗ ಜೇಜುರಿ ಖಂಡೋಬಾಗ ಹರಕಿ ಹೊತ್ತಿದ್ದ, ಮರತಿದ್ದ. ಈಗ ನೆನಪಾಗಿ ಹೊಂಟಾನ. ಕಾಕೂನೂ ಅದನ್ನೇ ಅಂದ್ರು."

ಆ ಇಬ್ಬರ ನಡುವೆ ಒಂದು ದಿನವೂ ಭಿನ್ನಾಭಿಪ್ರಾಯ ಬರಲಿಲ್ಲ. ಒಂದೇ ಭಾಷೆ ಆಡುವ ಇವರೂ ನಾನೂ ಒಂದೇ ಚಾನೆಲ್ಲಿಗೆ ಒಪ್ಪಿದ ನೆನಪು ನನಗಿಲ್ಲ.

ಕೇಬಲ್ಲಿನವನು ಸೋತದ್ದು

ಆ ಧಾರಾವಾಹಿಯೂ ಮುಗಿಯಿತು. ಈ ಸಲ ಅತ್ತೆ ಬಿಗಿಯಾಗಿ ಪಟ್ಟು ಹಿಡಿದರು. ಬರುತ್ತೇನೆಂದು ಬಾಗಲಕೋಟೆಗೆ ಫೋನೂ ಮಾಡಿಸಿದರು. ನಾನು ಕಚೇರಿಯಲ್ಲಿ ರಾಜೀನಾಮೆಯ ಯೋಚನೆಯಲ್ಲೇ ಸಾಲು ಸಾಲು ತಪ್ಪು ಟೈಪು ಮಾಡಿದೆ. ನಿಜವಾಗಿಯೂ ಅಳು ಬಂದಿತ್ತು. ಉಳಿದದ್ದು ಒಂದೇ ದಾರಿ, ಕನ್ನಡ ಚಾನೆಲ್ಲು.

ಇವರು ಹೋಗಿ ಕೇಳಿದ್ದಕ್ಕೆ ಕೇಬಲ್ಲಿನವನು "ಇಥಂ ಕನ್ನಡ ಕೋಣ್ ಬಘಣಾರ್?" ಎಂದು ನಕ್ಕುಬಿಟ್ಟ. ಇಲ್ಲಿ ಕನ್ನಡ ನೋಡುವವರು ಯಾರು ಅಂತ. ಮರುದಿನ ಇವರು ಅತ್ತೆಯನ್ನೇ ಅವನ ಅಂಗಡಿಗೆ ಕರೆದುಕೊಂಡು ಹೋದರು. "ಅವ್ವಾ, ನೀನೇ ಹೇಳು" ಎಂದರು.

ಅತ್ತೆ ಇದ್ದ ಒಂದೇ ಕುರ್ಚಿಯ ಮೇಲೆ ಕೂತು, ಊರಿನ ವಿಷಯದಿಂದ ಹಿಡಿದು ಕಸ ಹೊಡೆಯದ ದೆವ್ವದವರೆಗೆ ಎಲ್ಲವನ್ನೂ ಅಚ್ಚ ಬಾಗಲಕೋಟೆ ಕನ್ನಡದಲ್ಲಿ ವಿವರಿಸಿದರು. ಗಿರಾಕಿಗಳು ಬಂದು ನಿಂತು ಹೋದರು. ಅತ್ತೆಯ ಮಾತು ಮುಗಿಯಲಿಲ್ಲ. ಕೊನೆಗೆ ಅವನು ಇವರಿಗೆ ಕೈ ಮುಗಿದ. "ಆಜೀಂನಾ ಘರೀ ನ್ಯಾ, ಉದ್ಯಾಚ್ ಲಾವತೋ!" ಅಜ್ಜಿಯನ್ನು ಮೊದಲು ಮನೆಗೆ ಕರೆದೊಯ್ಯಿರಿ, ನಾಳೆಯೇ ಹಚ್ಚುತ್ತೇನೆ.

ದಾರಿಯಲ್ಲಿ ಅತ್ತೆ ಅವನನ್ನು ಹೊಗಳಿದ್ದೇ ಹೊಗಳಿದ್ದು. "ಹುಡುಗ ಭಾಳ ಸಂಭಾವಿತ. ನಡುವ ಒಂದು ಸಲಾನೂ ಬಾಯಿ ಹಾಕ್ಲಿಲ್ಲ ನೋಡು."

ಕನ್ನಡ ಬಂದ ಮೇಲೆ

ಕನ್ನಡ ಚಾನೆಲ್ಲು ಬಂತು. ಇವರು ಪೇಢೆ ತಂದು ಕಟ್ಟಡಕ್ಕೆಲ್ಲ ಹಂಚಿದರು. ಇನ್ನು ಚಿಂತೆಯಿಲ್ಲ ಎಂದು ನಾನು ಕಚೇರಿಗೆ ಹೊಸ ಊಟದ ಡಬ್ಬಿ ಕೂಡ ಕೊಂಡೆ. ಮೊದಲ ದಿನ ಅತ್ತೆ ಮೈಯೆಲ್ಲ ಕಿವಿಯಾಗಿ ಕೂತರು. ಆಮೇಲೆ ದಿನದಿನಕ್ಕೆ ಮುಖ ಸಣ್ಣದಾಗುತ್ತ ಹೋಯಿತು. ವಾರ ತುಂಬುವಷ್ಟರಲ್ಲಿ "ನನ್ನ ಊರಿಗೆ ಕಳಸ್ರೆಪಾ" ಎಂದರು.

ನಾನು ಕೈಯಲ್ಲಿದ್ದ ಡಬ್ಬಿ ಕೆಳಗಿಟ್ಟೆ. "ಯಾಕ್ರಿ ಅತ್ತೀ? ಈಗ ಎಲ್ಲಾ ಕನ್ನಡದಾಗೇ ಅದ ಅಲ್ರಿ?"

"ಅದೇ ತ್ರಾಸ ಆಗೇದವ್ವಾ. ಆ ಅತ್ತಿ ಬಾಯಾಗ ಎಂಥೆಂಥಾ ಮಾತು ಬರ್ತಾವ! ಸೊಸಿನ್ನ ಮನಿ ಬಿಡಸ್ಲಿಕ್ಕೆ ದಿನಾ ಒಂದು ಹುನ್ನಾರ. ನಮ್ಮ ಕಡೆ ಅತ್ತಿಗೋಳು ಇಷ್ಟು ಕೆಟ್ಟೋರು ಅಂತ ನನಗ ಗೊತ್ತೇ ಇರ್ಲಿಲ್ಲ. ಮರಾಠಿ ಅತ್ತಿಗೋಳು ಎಷ್ಟು ಚಲೋ ಇದ್ರು!"

ನಾನು ರಿಮೋಟ್ ಎತ್ತಿಕೊಂಡೆ. ಅದೇ ಸಂಜೆ ಒಂದು ಹೊಸ ಮರಾಠಿ ಧಾರಾವಾಹಿ ಶುರುವಾಗುವುದಿತ್ತು. ಕಾಕೂವನ್ನು ಮೇಲಕ್ಕೆ ಕರೆದೆ.

ದೊಡ್ಡ ಮನೆ. ಹಣೆ ತುಂಬ ಕುಂಕುಮದ ಅತ್ತೆ ಅಡುಗೆಮನೆಗೆ ಬಂದಳು. ಆ ಕಡೆ ಈ ಕಡೆ ನೋಡಿದಳು. ಸೊಂಟದಿಂದ ಪುಟ್ಟ ಸೀಸೆ ತೆಗೆದು ಹಾಲಿನ ಲೋಟಕ್ಕೆ ಸುರಿದಳು. ಹಿಂದೆ ಢಂ ಢಂ ಎಂದು ನಗಾರಿ. ಕಾಕೂ "ಅಗಬಾಈ!" ಎಂದು ಎದೆ ಹಿಡಿದುಕೊಂಡರು. ಪರದೆಯ ಮೇಲಿನ ಅತ್ತೆ ಸೊಸೆಯ ತಲೆ ಸವರಿ ಲೋಟ ಬಾಯಿಗೆ ಹಿಡಿದಳು.

ನಮ್ಮ ಅತ್ತೆಯ ಕಣ್ಣು ತುಂಬಿ ಬಂತು. "ನೋಡು, ಔಷಧ ಕಲಸಿ ತನ್ನ ಕೈಯಾರೆ ಕುಡಸ್ತಾಳ. ಹಡದ ತಾಯಿನೂ ಇಷ್ಟು ಮಾಡೂದಿಲ್ಲ."

ಕಾಕೂ ಏನೋ ಹೇಳಲು ಬಾಯಿ ತೆರೆದರು. ನಾನು ಶೇಂಗಾದ ತಟ್ಟೆ ಅವರ ಮುಂದೆ ತಳ್ಳಿ, ಅತ್ತೆಯ ಮುಖವನ್ನೇ ನೋಡುತ್ತ ಕೂತೆ. ಅಷ್ಟರಲ್ಲಿ ಸೊಸೆ ನೆಲದ ಮೇಲೆ ಉರುಳಿದಳು.

"ಪಾಪ, ದಣದಿತ್ತು. ಹೊಟ್ಟಿಗೆ ಬಿದ್ದ ಕೂಡ್ಲೆ ಹೆಂಗ ನಿದ್ದಿ ಹತ್ತಿತು ನೋಡು" ಎಂದರು ಅತ್ತೆ. "ಇದು ಮುಗಿಯೂ ತನಕಾ ನಾ ಎಲ್ಲಿಗೂ ಹೋಗೂದಿಲ್ಲ. ನೀ ನಿಶ್ಚಿಂತಿಲೆ ಆಫೀಸಿಗೆ ಹೋಗಿ ಬಾರವ್ವಾ."