ಐಸಿನ ಭಾವನೂ ನನ್ನ ಕಣವೂ

ಜಾರಿ ಬೀಳುವುದಕ್ಕೇ ಸಂಬಳ ತಗೊಂಡು, ಆ ಸಂಬಳದಲ್ಲೇ ಮನೆ ಕಟ್ಟಿಸಿ, ಮಗಳನ್ನು ಓದಿಸಿ, ಮರ್ಯಾದೆಯಿಂದ ಬಾಳಿದ ಮನುಷ್ಯನನ್ನು ನೀವು ನೋಡಿದ್ದೀರಾ? ಇಲ್ಲ ತಾನೆ! ಹಾಗಾದರೆ ಒಂದು ಸಲ ಜಾವಳಿ ಕಡೆ ಬನ್ನಿ, ನಮ್ಮ ಭಾವನನ್ನು ತೋರಿಸುತ್ತೇನೆ. ಟಿಕೆಟ್ ಏನೂ ಇಲ್ಲ.

ನಮ್ಮ ಭಾವ ಜರ್ಮನಿಯವರು. ಐಸ್ ಹಾಕಿ ಆಡುತ್ತಿದ್ದವರು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ನೆಲಕ್ಕೆಲ್ಲ ಮಂಜುಗಡ್ಡೆ ಕಟ್ಟಿಸಿ, ಕಾಲಿಗೆ ಚೂರಿಯಂಥ ಬ್ಲೇಡು ಬಿಗಿದುಕೊಂಡು, ಕೈಯಲ್ಲಿ ದೊಣ್ಣೆ ಹಿಡಿದು, ಒಂದು ರಬ್ಬರ್ ಬಿಲ್ಲೆಯ ಹಿಂದೆ ಎರಡು ಗುಂಪು ಬೀಳುವ ಆಟ. ಜಾರುವ ನೆಲ, ಬ್ಲೇಡು, ದೊಣ್ಣೆ! ಈ ಮೂರನ್ನೂ ಒಂದೇ ಕಡೆ ಸೇರಿಸಿದವನ ತಲೆಯಲ್ಲಿ ಏನಿತ್ತೋ! ನಮ್ಮಲ್ಲಿ ಇದರಲ್ಲಿ ಯಾವುದಾದರೂ ಒಂದಿದ್ದರೆ ಸಾಕು, ಆಸ್ಪತ್ರೆಯೋ ಪೊಲೀಸ್ ಸ್ಟೇಷನ್ನೋ ಗ್ಯಾರಂಟಿ.

ಅಕ್ಕ ನರ್ಸಿಂಗ್ ಓದಿ ಆ ದೇಶಕ್ಕೆ ಹೋದವಳು. ಒಂದು ಸಂಜೆ ಅವಳಿದ್ದ ಆಸ್ಪತ್ರೆಗೆ ಬಾಗಿಲಿನಷ್ಟು ಅಗಲದ ಒಬ್ಬ ಆಳು ಬಂದನಂತೆ. ಆಟದಲ್ಲಿ ಎದುರಾಳಿಯ ಭುಜ ಬಡಿದು ಮುಂದಿನ ಹಲ್ಲು ಕಿತ್ತುಬಂದಿದೆ. ಆ ಹಲ್ಲನ್ನು ಅಂಗೈಯಲ್ಲಿಟ್ಟುಕೊಂಡು, "ಇದನ್ನು ವಾಪಸ್ ಕೂರಿಸೋಕಾಗುತ್ತಾ?" ಅಂತ ನಗುತ್ತಾ ಕೇಳಿದನಂತೆ. ಹಲ್ಲು ವಾಪಸ್ ಹೋಗಲಿಲ್ಲ. ಅಕ್ಕನೂ ವಾಪಸ್ ಬರಲಿಲ್ಲ!

ಮದುವೆಗೆ ಮಾತ್ರ ಬಂದಳು. ನಮ್ಮ ದೊಡ್ಡಪ್ಪ ಆಗ ಮನೆಗೆ ಹಿರಿಯರು. ಹುಡುಗನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ, ಹಲ್ಲಿನ ಸಂದಿಯ ಹತ್ತಿರ ಕಣ್ಣು ಸ್ವಲ್ಪ ಹೊತ್ತು ನಿಲ್ಲಿಸಿ, ನನ್ನನ್ನು ಪಕ್ಕಕ್ಕೆ ಕರೆದರು.

"ಹುಡುಗಂಗೆ ಏನೋ ಕೆಲಸ?"

"ಆಟ ಆಡ್ತಾರೆ ದೊಡ್ಡಪ್ಪ."

"ಆಡ್ಲಿ ಮಾರಾಯ, ಬೇಡ ಅಂದೋರ್ಯಾರು. ಕೆಲಸ ಏನು ಅಂತ ಕೇಳ್ದೆ."

"ಆಟ ಆಡೋದೇ ಕೆಲಸ. ಐಸ್ ಮೇಲೆ."

ದೊಡ್ಡಪ್ಪ ನನ್ನ ಬೆನ್ನು ತಟ್ಟಿ, "ಐಸ್ ಕ್ಯಾಂಡಿ ವ್ಯಾಪಾರ ಅಂತ ನೇರವಾಗಿ ಹೇಳೋಕೆ ನಾಚಿಕೆ ಯಾಕೋ? ಮೈಮುರಿದು ದುಡಿಯೋನಾದ್ರೆ ಸಾಕು" ಅಂದರು. ಮದುವೆ ನಿಶ್ಚಯವಾಯಿತು. ಇವತ್ತಿಗೂ ನಮ್ಮ ನೆಂಟರಲ್ಲಿ ಅರ್ಧ ಜನ ಭಾವನಿಗೆ ಜರ್ಮನಿಯಲ್ಲಿ ಐಸ್ ಕ್ಯಾಂಡಿ ಫ್ಯಾಕ್ಟರಿ ಇದೆ ಅಂತಲೇ ನಂಬಿದ್ದಾರೆ.

ಭಾವ ಆಡಿದರು, ಬಿದ್ದರು, ಎದ್ದರು, ಮತ್ತೆ ಆಡಿದರು. ಮೈಯಲ್ಲಿ ಮುರಿಯದ ಮೂಳೆ ಯಾವುದು ಅಂತ ಹುಡುಕುವುದೇ ಕಷ್ಟ ಅನ್ನೋ ಹೊತ್ತಿಗೆ ಆಟ ಬಿಟ್ಟರು. ಅದೇ ಕ್ಲಬ್ಬಿನವರು ಅವರನ್ನು ಮ್ಯಾನೇಜರ್ ಮಾಡಿದರು. ಯಾವ ಆಟಗಾರನನ್ನು ಎಲ್ಲಿಂದ ತರಬೇಕು, ಬಸ್ಸು ಎಷ್ಟು ಹೊತ್ತಿಗೆ ಹೊರಡಬೇಕು, ರೆಫರಿ ಹತ್ತಿರ ಎಷ್ಟು ಜೋರಾಗಿ ಜಗಳ ಆಡಬೇಕು, ಎಲ್ಲಾ ಇವರದ್ದೇ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಐಸ್ ಸರಿಯಾಗಿ ಕಟ್ಟಿದೆಯಾ ಅಂತ ನೋಡುವುದೂ ಇವರದ್ದೇ. ದೊಡ್ಡಪ್ಪ ಬದುಕಿದ್ದಿದ್ದರೆ "ಈಗ ಹೋಲ್‌ಸೇಲ್ ಆಯ್ತು ಬಿಡು" ಅನ್ನುತ್ತಿದ್ದರು.

ಹೋದ ವರ್ಷ ಆ ಕ್ಲಬ್ಬನ್ನು ಹೊಸಬರು ಯಾರೋ ಕೊಂಡರು. ಭಾವನ ಕೈಗೊಂದು ಹೂಗುಚ್ಛ ಕೊಟ್ಟರು, ಹಳೇ ಜರ್ಸಿಗೆ ಗಾಜಿನ ಕಟ್ಟು ಹಾಕಿಸಿಕೊಟ್ಟರು, ನಾಳೆಯಿಂದ ಬರಬೇಡಿ ಅಂದರು. ಆರು ವರ್ಷದ ಮಗುವಾಗಿದ್ದಾಗ ಆ ಬಾಗಿಲೊಳಗೆ ಹೋದ ಮನುಷ್ಯ!

ಮಳೆಗಾಲ ಮುಗಿಯುವ ಹೊತ್ತಿಗೆ ಅಕ್ಕ ಅವರನ್ನು ಕರೆದುಕೊಂಡು ನಮ್ಮ ಮನೆಗೆ ಬಂದಳು. ಬಂದ ದಿನವೇ ಅಡುಗೆಮನೆಯಲ್ಲಿ ನನ್ನ ಕೈ ಹಿಡಿದಳು. "ತಮ್ಮಾ, ಇವರು ಮೂರು ತಿಂಗಳಿಂದ ಬಾಯೇ ಬಿಡ್ತಿಲ್ಲ. ಕಿಟಕಿ ಪಕ್ಕ ಕೂತ್ರೆ ಕೂತೇ ಇರ್ತಾರೆ. ಊಟಕ್ಕೆ ಕರೆದ್ರೆ ಬರ್ತಾರೆ, ತಿಂದು ಮತ್ತೆ ಅಲ್ಲೇ. ನಂಗೆ ಹೆದರಿಕೆ ಆಗುತ್ತೆ ಕಣೋ. ಏನಾದ್ರೂ ಮಾಡು."

ನಾನೇನು ಮಾಡಲಿ? ನಾನು ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದವನು. ಡಾಕ್ಟರೂ ಅಲ್ಲ, ಸ್ವಾಮೀಜಿಯೂ ಅಲ್ಲ. ನನಗೆ ಗೊತ್ತಿರುವುದು ಒಂದೇ ವಿದ್ಯೆ: ಕಾಫಿ ಒಣಗಿಸುವ ಸಿಮೆಂಟ್ ಕಣ ಹಾಕುವುದು. ಆದರೆ ಆ ವಿದ್ಯೆಯಲ್ಲಿ ಈ ಕಣದ ಮೇಸ್ತ್ರಿಯನ್ನು ಮೀರಿಸುವವರು ವಸ್ತಾರೆಯಿಂದ ಕಳಸದವರೆಗೆ ಇದ್ದರೆ ಹೇಳಿ, ನಾನೇ ಹೋಗಿ ಅವರ ಕೈಕೆಳಗೆ ಕೆಲಸಕ್ಕೆ ಸೇರುತ್ತೇನೆ! ಆಗ ಜಾವಳಿಯ ಒಬ್ಬ ಗೌಡರ ಎಸ್ಟೇಟಿನಲ್ಲಿ ಹಳೇ ಕಣ ಕಿತ್ತು ಹೊಸದು ಹಾಕುತ್ತಿದ್ದೆ. ಮಾರನೇ ದಿನ ಭಾವನ ಕಾಲಿಗೆ ಗಂಬೂಟು ತೊಡಿಸಿ ಜೀಪಿಗೆ ಹತ್ತಿಸಿಕೊಂಡೆ.

ಊರು ಸುಮ್ಮನಿರುತ್ತದೆಯೇ? ಭಾವ ಜಲ್ಲಿ ಬಾಂಡ್ಲಿ ಎತ್ತಿದ್ದನ್ನು ನೋಡಿದ ಗೌಡರು ಓಡಿ ಬಂದರು. "ಏಯ್ ಮೇಸ್ತ್ರಿ! ಮನೆ ಅಳಿಯನ ಕೈಲಿ ಜಲ್ಲಿ ಹೊರಿಸ್ತೀಯಲ್ಲೋ! ಕಾಲು ತೊಳೆದು ಕೂರಿಸೋ ಜನಾನ! ನಿಂಗೇನು ಬಂದಿದೆ?"

"ಗೌಡ್ರೇ, ಕೂರಿಸಿ ಕೂರಿಸಿಯೇ ಈ ಗತಿ ಬಂದಿದೆ. ನಿಲ್ಲೋಕೆ ಬಿಡಿ" ಅಂದೆ.

ಭಾವನ ಕನ್ನಡ ಪೂರ್ತಿ ಅಕ್ಕ ಕಲಿಸಿದ್ದು. ಮರ್ಯಾದೆ ತಪ್ಪಬಾರದು ಅಂತ ಬಹುವಚನ ಮಾತ್ರ ಕಲಿಸಿದ್ದಾಳೆ. ಹಾಗಾಗಿ ಗೌಡರಿಗೂ "ನೀವು", ನನ್ನ ಆಳುಗಳಿಗೂ "ನೀವು". ಹಸಿ ಸಿಮೆಂಟಿನ ಮೇಲೆ ಓಡಿ ಬಂದ ಎಸ್ಟೇಟಿನ ನಾಯಿಗೂ "ನಾಯಿಯವರೇ, ದಯವಿಟ್ಟು ಆಚೆ ಹೋಗಿ!" ಮೂರು ತಿಂಗಳ ಮೇಲೆ ಆಡಿದ ಮೊದಲ ಮಾತು ಅದು. ನಾಯಿಯ ಪುಣ್ಯ!

ಕಣ ಗಟ್ಟಿಯಾದ ದಿನ ಭಾವ ಅದರ ಮೇಲೆ ಮಂಡಿಯೂರಿ ಕೂತರು. ಅಂಗೈಯಿಂದ ಸವರಿದರು. ಕೆನ್ನೆ ತಾಗಿಸಿ ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಿದರು. ನಾನು ಮೀಸೆಯ ಅಡಿಯಲ್ಲೇ ನಗುತ್ತಾ ಹೊಗಳಿಕೆಗೆ ಕಾಯುತ್ತಾ ನಿಂತಿದ್ದೆ. ಅವರು ಎಲ್ಲಿಂದಲೋ ಒಂದು ಟೆನಿಸ್ ಬಾಲ್ ತಂದು ನಡುವೆ ಇಟ್ಟರು. ಬಾಲ್ ಮೆಲ್ಲಗೆ ಹೊರಟು, ವೇಗ ಹಿಡಿದು, ಕೆಳಗಿನ ಮೂಲೆಯ ಚರಂಡಿಗೆ ಬಿತ್ತು.

"ಮೇಸ್ತ್ರಿಗಳೇ, ತಪ್ಪು."

ನನಗೆ! ನನ್ನ ಕಣಕ್ಕೆ!

"ಏನು ತಪ್ಪು ಭಾವ?"

"ನೆಲ ಓರೆ ಇದೆ."

"ಓರೆ ಅಲ್ಲ, ಅದು ವಾಟ. ಮಳೆ ನೀರು ಇಳಿದು ಹೋಗೋಕೆ ಅಂತ ಬೇಕಂತಲೇ ಕೊಟ್ಟ ಇಳಿಜಾರು. ವಾಟ ಇಲ್ದಿದ್ರೆ ನೀರು ನಿಲ್ಲುತ್ತೆ, ಕಾಫಿ ಕೊಳೆಯುತ್ತೆ. ನೀರು ನಿಂತ ಕಣ ಹಾಕಿದೋನು ಈ ಸೀಮೇಲಿ ತಲೆ ಎತ್ತಿ ತಿರುಗೋ ಹಾಗಿಲ್ಲ."

"ಐಸಲ್ಲಿ ವಾಟ ಇಲ್ಲ."

"ಐಸ್ ಮೇಲೆ ಕಾಫಿ ಒಣಗಿಸ್ತೀರಾ ನೀವು?"

ಗೌಡರು ಹೊಟ್ಟೆ ಹಿಡಿದುಕೊಂಡು ನಕ್ಕರು. ಭಾವ ನಗಲಿಲ್ಲ. ಆದರೆ ಅವರ ಕಿವಿ ಕೆಂಪಾಗಿತ್ತು. ಜಗಳಕ್ಕೆ ನಿಂತ ಮನುಷ್ಯನ ಕಿವಿ! ಅಕ್ಕನಿಗೆ ಫೋನ್ ಮಾಡಿ, "ಭಾವ ನನ್ನ ಹತ್ರ ಜಗಳ ಆಡಿದ್ರು" ಅಂದರೆ ಅವಳು ಖುಷಿಗೆ ಅತ್ತೇಬಿಟ್ಟಳು.

ಆಮೇಲೆ ನಡೆದದ್ದನ್ನು ಹೇಗೆ ಹೇಳಲಿ! ಮಾರನೇ ಬೆಳಿಗ್ಗೆ ಭಾವ ಕಿಟಕಿ ಪಕ್ಕ ಇಲ್ಲ. ಹಿತ್ತಲಲ್ಲಿ, ಕಿತ್ತು ಹಾಕಿದ್ದ ಹಳೇ ಕಾಫಿ ಗಿಡಗಳ ರಾಶಿ ಮುಂದೆ ಕತ್ತಿ ಹಿಡಿದು ಕೂತಿದ್ದಾರೆ. ಬುಡದಲ್ಲಿ ಬಾಗಿದ ಕಾಂಡ ಆರಿಸಿ, ಕೆತ್ತಿ, ಐಸ್ ಹಾಕಿಯ ದೊಣ್ಣೆ ಮಾಡುತ್ತಿದ್ದಾರೆ! ಮಧ್ಯಾಹ್ನಕ್ಕೆ ಕ್ಲಬ್ಬು ತಯಾರು. ನನ್ನ ಆಳುಗಳು, ಎಸ್ಟೇಟಿನ ಹಾಜರಿ ಬರೆಯುವ ರೈಟರ್, ಕೊನೆಗೆ "ನಂಗೇನು ವಯಸ್ಸಾಗಿದೆಯಾ?" ಅಂತ ಸ್ವತಃ ಗೌಡರು. ಗೋಲಿಗೆ ನಿಲ್ಲಲು ನಮ್ಮ ಪಿಕಪ್ ಡ್ರೈವರ್. ಅವನು ಪಿಕಪ್ಪಿಗಿಂತ ಸ್ವಲ್ಪ ಚಿಕ್ಕವನು, ಅಷ್ಟೇ.

"ಸಾರ್, ನಾನು ಓಡಲ್ಲ" ಅಂದ ಡ್ರೈವರ್.

"ಓಡಬೇಡಿ. ನೀವು ಇರಿ, ಸಾಕು" ಅಂದರು ಭಾವ.

ಅವನ ಕಾಲಿಗೆ ಗೋಣಿಚೀಲದೊಳಗೆ ಕಾಫಿ ಹೊಟ್ಟು ತುಂಬಿ ಕಟ್ಟಿದರು. ಐಸ್ ಇಲ್ಲ, ಬ್ಲೇಡಿಲ್ಲ. ಗಂಬೂಟೇ ಸ್ಕೇಟು, ಟೆನಿಸ್ ಬಾಲೇ ಬಿಲ್ಲೆ, ಗೌಡರ ಕಣವೇ ಮೈದಾನ. ಕೊಯ್ಲು ಶುರುವಾಗುವವರೆಗೆ ಕಣ ಹೇಗೂ ಖಾಲಿ!

ತಪ್ಪು ಮಾಡಿದವರು ಎರಡು ನಿಮಿಷ ಹೊರಗೆ ಕೂರಬೇಕು, ಅದು ಆ ಆಟದ ಕಾನೂನು. ಭಾವ ಬೋರಲು ಹಾಕಿದ ಕಾಫಿ ಬುಟ್ಟಿಯೊಂದನ್ನು ಅದಕ್ಕೇ ಇಟ್ಟಿದ್ದರು. ಎರಡನೇ ದಿನವೇ ಗೌಡರು ರೈಟರ್ ಕಾಲಿಗೆ ದೊಣ್ಣೆ ಕೊಟ್ಟು ಬೀಳಿಸಿದರು. ಭಾವ ಸೀಟಿ ಊದಿದರು.

"ಗೌಡ್ರೇ, ದಯವಿಟ್ಟು ಎರಡು ನಿಮಿಷ ಕೂತ್ಕೊಳ್ಳಿ."

"ನನ್ನ ಕಣದಲ್ಲಿ ನನ್ನನ್ನೇ?"

"ಹೌದು. ಈಗ ನಾಲ್ಕು ನಿಮಿಷ."

ತೋಟದ ಹೆಂಗಸರೆಲ್ಲ ಕೆಲಸ ಬಿಟ್ಟು ಬೇಲಿ ಹತ್ತಿರ ನಿಂತರು. ಗೌಡರು ಬುಟ್ಟಿಯ ಮೇಲೆ ಕೂತರು! ನಾಲ್ಕು ನಿಮಿಷವೂ ಕೂತರು! ಎದ್ದು ಬಂದವರೇ ನನ್ನ ಕಿವಿಯಲ್ಲಿ, "ನಮ್ಮಪ್ಪ ಹೋದ ಮೇಲೆ ನನ್ನನ್ನ ಹೀಗೆ ಗದರಿದೋರೇ ಇರಲಿಲ್ಲ ಮಾರಾಯ" ಅಂದರು. ದನಿಯಲ್ಲಿ ಎಂಥ ಖುಷಿ!

ವಸ್ತಾರೆಯ ಹುಡುಗರಿಗೂ ದೊಣ್ಣೆ ಕಳಿಸಿ, ಆಟ ಹೇಳಿಕೊಟ್ಟು, ಒಂದು ಭಾನುವಾರ ಮ್ಯಾಚ್ ಇಟ್ಟರು. ಭಾವ ಕೋಟು, ಟೈ, ಗಂಬೂಟಲ್ಲಿ ಬಂದರು. ಮೊದಲ ಅರ್ಧದಲ್ಲಿ ವಸ್ತಾರೆಯವರ ಗೋಲು ಕಣದ ಕೆಳಗಿನ ತುದಿಗೆ. ನನ್ನ ವಾಟ ಏನು ಸಾಮಾನ್ಯವೇ! ನಮ್ಮವರು ಬಾಲ್ ಮುಟ್ಟಿದರೆ ಸಾಕು, ತಾನೇ ಹೋಗಿ ಗೋಲು ಸೇರುತ್ತಿತ್ತು. ಒಂದಾದ ಮೇಲೊಂದು ಐದು ಗೋಲು!

"ಇದು ಆಟ ಅಲ್ಲ, ಘಾಟಿ ರಸ್ತೆ!" ಅಂತ ವಸ್ತಾರೆಯವರ ಬೊಬ್ಬೆ.

"ತಾಳಿ, ಈಗ ನಿಮಗೂ ಘಾಟಿ ಇಳಿಯೋ ಯೋಗ ಬರುತ್ತೆ" ಅಂದ ರೈಟರ್. ಬಂದೇ ಬಂತು! ಎರಡನೇ ಅರ್ಧದಲ್ಲಿ ತುದಿ ಬದಲಾದದ್ದೇ ಬಾಲ್ ಉರುಳಿದ್ದೆಲ್ಲ ನಮ್ಮ ಕಡೆಗೇ. ಡ್ರೈವರನ ಕಾಲಿನ ಗೋಣಿ ಹರಿದು ಕಾಫಿ ಹೊಟ್ಟು ಕಣದ ತುಂಬ. ಐದಕ್ಕೆ ಐದು! ಇನ್ನೇನು ಆಟ ಮುಗಿಯಬೇಕು, ಆಗ ಮೇಲಿನ ತುದಿಯಿಂದ ಬಾಲ್ ಎಲ್ಲರ ಗಂಬೂಟು ತಪ್ಪಿಸಿಕೊಂಡು ಮೆಲ್ಲ ಮೆಲ್ಲಗೆ ನಮ್ಮ ಗೋಲಿನ ಕಡೆ ಉರುಳತೊಡಗಿತು. ನನ್ನ ಜೀವಮಾನದಲ್ಲಿ ಮೊದಲ ಸಲ ನನ್ನ ವಾಟಕ್ಕೆ ನಾನೇ ಶಾಪ ಹಾಕಿದೆ! ನಮ್ಮ ಡ್ರೈವರ್ ಒಂದು ಗಳಿಗೆ ಯೋಚಿಸಿ, ಗೋಲಿಗೆ ಅಡ್ಡಲಾಗಿ ಉದ್ದಕ್ಕೆ ಮಲಗಿಬಿಟ್ಟ. ಬಾಲ್ ಬಂದು ಅವನ ಹೊಟ್ಟೆಗೆ ತಾಗಿ ನಿಂತಿತು.

"ಓಡಲ್ಲ ಅಂದಿದ್ದೆ ಸಾರ್, ಮಲಗಲ್ಲ ಅಂದಿರಲಿಲ್ಲ!"

ಭಾವ ಕೋಟು ಕಿತ್ತು ಗಾಳಿಗೆಸೆದು, ಜರ್ಮನ್ನಿನಲ್ಲಿ ಏನೋ ಕೂಗಿ, ಆ ಪರ್ವತವನ್ನು ತಬ್ಬಿಕೊಂಡು ಎತ್ತಲು ಹೋಗಿ, ಇಬ್ಬರೂ ಬಿದ್ದರು.

ಇಲ್ಲಿಗೆ ಕತೆ ಮುಗಿದಿದ್ದರೆ ಚೆನ್ನಾಗಿತ್ತು. ಆ ವಾರವೇ ಹಣ್ಣು ಕೊಯ್ಲು ಶುರುವಾಯಿತು. ಗೌಡರ ಕಣದ ತುಂಬ ಕಾಫಿ. ಗೌಡರು ಸಂಕೋಚದಿಂದ ಭಾವನ ಹತ್ತಿರ ಬಂದು, "ಇನ್ನು ಬೇಸಿಗೆವರೆಗೆ..." ಅಂತ ತಲೆ ಕೆರೆದುಕೊಂಡರು. ಭಾವ "ಸರಿ, ಕಾಫಿ ಮೊದಲು" ಅಂದರು. ಮಾರನೇ ದಿನ ನೋಡುತ್ತೇನೆ, ಮತ್ತೆ ಕಿಟಕಿ ಪಕ್ಕ. ನಾನು ಟೀ ಲೋಟ ಹಿಡಿದುಕೊಂಡು ಹೋಗಿ ಪಕ್ಕದಲ್ಲಿ ಕೂತೆ. ಲೋಟ ಕೈಗೆ ತಗೊಂಡು ಅವರೇ ಅಂದರು: "ಐವತ್ತು ವರ್ಷ, ಮೇಸ್ತ್ರಿಗಳೇ. ನಾನು ಐಸ್ ನೋಡಿಕೊಂಡೆ. ಐಸ್ ಯಾವಾಗಲೂ ಬೇರೆಯವರದು."

ಬಾಗಿಲ ಹಿಂದೆ ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

ನನ್ನ ಮನೆ ಹಿಂದೆ ಒಂದು ತುಂಡು ಜಾಗ ಇತ್ತು, ರಸ್ತೆಗೆ ಕಾಣುವ ಹಾಗೆ. ನಮ್ಮ ಮೆಣಸು ಒಣಗಿಸಲು ಸ್ವಂತಕ್ಕೊಂದು ಕಣ ಹಾಕಬೇಕು ಅಂತ ಬಿಟ್ಟಿದ್ದು. ಆಳುಗಳನ್ನು ಅಲ್ಲಿಗೇ ಕರೆದೆ. ಮಟ್ಟ ಹಿಡಿಯುವಾಗ ನನ್ನ ಹಳೇ ಆಳು ಕೇಳಿದ: "ಮೇಸ್ತ್ರೀ, ವಾಟ ಯಾವ ಕಡೆಗೆ?"

"ಯಾವ ಕಡೆಗೂ ಬೇಡ."

ಅವನು ದಾರ ಕೆಳಗಿಟ್ಟು ಬಂದು ನನ್ನ ಹಣೆ ಮುಟ್ಟಿ ನೋಡಿದ. "ಜ್ವರ ಇಲ್ಲ ಕಣೋ. ಹೇಳಿದಷ್ಟು ಮಾಡು" ಅಂದೆ.

ಮಟ್ಟಸ ಅಂದರೆ ಮಟ್ಟಸ. ಕೂದಲೆಳೆ ಹೆಚ್ಚುಕಮ್ಮಿ ಇಲ್ಲ. ವಾಟ ಕೊಟ್ಟು ಹಾಕುವುದಕ್ಕಿಂತ ಇದೇ ಕಷ್ಟ, ಸುಳ್ಳಲ್ಲ! ಕಣ ಗಟ್ಟಿಯಾದ ದಿನ ಭಾವ ನಡುವೆ ಬಾಲ್ ಇಟ್ಟು ಕೈ ತೆಗೆದರು. ಅದು ಅಲ್ಲಾಡಲಿಲ್ಲ. ಭಾವನೂ ಅಲ್ಲಾಡಲಿಲ್ಲ. ನಾನು ಏನೋ ಕೆಲಸ ಇರುವವನ ಹಾಗೆ ಆಚೆ ಹೋದೆ.

ಮೊನ್ನೆ ಬೆಳಗಿನ ಜಾವ ಅಕಾಲದ ಒಂದು ಮಳೆ ಹೊಡೆಯಿತು. ಬೆಳಿಗ್ಗೆ ಗೌಡರ ಜೀಪು ಮನೆ ಮುಂದೆ ಗಕ್ಕನೆ ನಿಂತಿತು. "ಏನೋ ಮೇಸ್ತ್ರಿ ಇದು! ನೀನು ಹಾಕಿದ ನನ್ನ ಕಣದಲ್ಲಿ ಒಂದು ಹನಿ ನಿಂತಿಲ್ಲ, ನಿನ್ನ ಕಣ ಕೆರೆ ಆಗಿದೆಯಲ್ಲೋ! ಜನ ಏನಂತಾರೆ?"

"ಹೌದು ಗೌಡ್ರೇ," ಅಂದೆ, "ನೀರು ನಿಂತಿದೆ."

ಗೌಡರು ಜೀಪಿನಿಂದ ಇಳಿದು ಕಣದ ಕಡೆ ನೋಡಿದರು. ಭಾವ ಅಲ್ಲಿ ಪ್ಯಾಂಟು ಮಡಚಿಕೊಂಡು, ಪೊರಕೆಯಿಂದ ನೀರನ್ನು ರಪರಪ ಆಚೆ ನೂಕುತ್ತಾ, ತಡವಾಗಿ ಬಂದ ಡ್ರೈವರನಿಗೆ ರಸ್ತೆವರೆಗೂ ಕೇಳುವ ಹಾಗೆ ಬೈಯುತ್ತಿದ್ದರು: "ನಿಮಗೆ ನಾಚಿಕೆ ಇಲ್ಲವಾ? ಎಂಟು ಗಂಟೆ ಅಂದರೆ ಎಂಟು ಗಂಟೆ! ನೀವು ಮನುಷ್ಯರಾ, ಚೀಲವಾ?" ಅಕ್ಕ ಸೌಟು ಕೈಯಲ್ಲಿ ಹಿಡಿದೇ ಅಡುಗೆಮನೆ ಬಾಗಿಲಿಗೆ ಬಂದು ನಿಂತಿದ್ದಳು. ಒಳಗೆ ಸಾರು ಉಕ್ಕಿ ಒಲೆಗೆ ಸುರಿಯುವ ಸದ್ದು ನನಗೇ ಕೇಳುತ್ತಿತ್ತು. ಅವಳಿಗೆ ಆ ಬೈಗುಳ ಬಿಟ್ಟು ಬೇರೇನೂ ಕೇಳಿಸುತ್ತಿರಲಿಲ್ಲ.